ಶಿಲುಬೆಯಲ್ಲಿ ನೋವಿಗಿಂತ ದೊಡ್ಡದು ಏನಿತ್ತು?

ಮೊದಲು ಸ್ವಲ್ಪ ಇತಿಹಾಸ. ಕ್ರಿ.ಪೂ. 71ರಲ್ಲಿ ಸ್ಪಾರ್ಟಕಸ್‌ನ ಗುಲಾಮರ ದಂಗೆಯನ್ನು ಅಡಗಿಸಿದ ರೋಮನ್ ಸೇನಾಪತಿ ಕ್ರಾಸಸ್, ಸೆರೆ ಸಿಕ್ಕ ಸುಮಾರು 6,000 ಜನರನ್ನು ಕಾಪುವಾದಿಂದ ರೋಮ್‌ವರೆಗೆ ದಾರಿಯುದ್ದಕ್ಕೂ ಶಿಲುಬೆಗೆ ಹಾಕಿಸಿದ. ಕ್ರಿ.ಪೂ. 4ರಲ್ಲಿ ದೊರೆ ಹೆರೋದ ಸತ್ತ ಮೇಲೆ ಯೂದಾಯದಲ್ಲಿ ಗಲಭೆ ಎದ್ದಿತು. ಆಗ ವಾರಸ್ ಎಂಬ ರೋಮನ್ ಅಧಿಕಾರಿ ಸುಮಾರು 2,000 ಜನರನ್ನು ಹಾಗೇ ಕೊಲ್ಲಿಸಿದ ಎಂದು ಯೆಹೂದಿ ಇತಿಹಾಸಕಾರ ಜೋಸೆಫಸ್ ಬರೆಯುತ್ತಾನೆ. 1968ರಲ್ಲಿ ಯೆರೂಸಲೇಮಿನ ಉತ್ತರಕ್ಕೆ ಒಂದು ಹಳೆಯ ಸಮಾಧಿ ಅಗೆದಾಗ ಮೂಳೆಗಳಿದ್ದ ಒಂದು ಕಲ್ಲಿನ ಪೆಟ್ಟಿಗೆ ಸಿಕ್ಕಿತು. ಅದರಲ್ಲಿ ಒಂದು ಹಿಮ್ಮಡಿ ಮೂಳೆ. ಅದರ ಅಡ್ಡಕ್ಕೆ ಸುಮಾರು 11 ಸೆಂಟಿಮೀಟರ್ ಉದ್ದದ ಕಬ್ಬಿಣದ ಮೊಳೆ, ಇನ್ನೂ ಹಾಗೇ ಇತ್ತು. ತುದಿ ಬಾಗಿತ್ತು, ಕೀಳಲು ಬರದ ಹಾಗೆ. ಪೆಟ್ಟಿಗೆಯ ಮೇಲೆ ಆ ಮನುಷ್ಯನ ಹೆಸರು ಕೊರೆದಿದ್ದರು: ಯೆಹೋಹಾನಾನ್.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಯೇಸುವಿನ ಶಿಲುಬೆಯ ಬಗ್ಗೆ ಚಿಕ್ಕಂದಿನಿಂದ ನಾನು ಕೇಳಿದ ಬಹುಪಾಲು ಪ್ರಸಂಗಗಳು ನೋವಿನ ವರ್ಣನೆಯಲ್ಲೇ ಮುಗಿಯುತ್ತಿದ್ದವು. ಚಾಟಿಯ ತುದಿಯಲ್ಲಿ ಏನಿತ್ತು, ಮುಳ್ಳು ಎಷ್ಟು ಆಳ ಹೋಯಿತು, ಉಸಿರು ಹೇಗೆ ಕಟ್ಟಿತು. ಕೇಳುವವರು ಅಳುತ್ತಿದ್ದರು. ಆದರೆ ನೋವೇ ಮುಖ್ಯ ಅಂದರೆ ಯೆಹೋಹಾನಾನ್ ಪಟ್ಟದ್ದೇನು ಕಡಿಮೆಯಾ? ದಾರಿಯುದ್ದಕ್ಕೂ ನೇತಾಡಿದ ಆ 6,000 ಜನ? ಅಷ್ಟು ದೂರ ಯಾಕೆ, ಯೇಸುವಿನ ಎಡಕ್ಕೊಬ್ಬ ಬಲಕ್ಕೊಬ್ಬ ಕಳ್ಳರಿದ್ದರಲ್ಲ, ಅದೇ ದಿನ, ಅದೇ ಬಿಸಿಲಲ್ಲಿ. ಯೇಸುವಿನ ಕಥೆ ಬರೆದಿಟ್ಟ ಯೋಹಾನನ ಪ್ರಕಾರ ಅವರ ಕಾಲುಗಳನ್ನು ಬೇರೆ ಮುರಿದರು. ಅವರ ನೋವು ಲೋಕವನ್ನು ರಕ್ಷಿಸಿತು ಎಂದು ಯಾರೂ ಹೇಳುವುದಿಲ್ಲ.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ಸತ್ತವನು ಯಾರು ಅನ್ನುವುದು ಮೊದಲ ಉತ್ತರ. ಆತ ದೇವಕುಮಾರ, ಪಾಪವಿಲ್ಲದವನು. ಅದಿಲ್ಲದೆ ಮುಂದಿನ ಮಾತೇ ಇಲ್ಲ. ಆದರೆ ಬೈಬಲ್ಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆ ಅಲ್ಲಿಗೇ ನಿಲ್ಲುವುದಿಲ್ಲ, ಆ ನೋವಿನ ಒಳಗೆ ಏನು ನಡೆಯಿತು ಅನ್ನುವುದನ್ನೂ ತೋರಿಸುತ್ತದೆ. ಫಿಲಿಪ್ಪಿಯವರಿಗೆ ಬರೆದ ಪತ್ರದ 2ನೇ ಅಧ್ಯಾಯ ನೋಡಿ. ಆತನು ತನ್ನನ್ನು ಬರಿದು ಮಾಡಿಕೊಂಡ, ದಾಸನಾದ, ಸಾಯುವಷ್ಟರ ಮಟ್ಟಿಗೆ ವಿಧೇಯನಾದ, ಅದೂ ಶಿಲುಬೆಯ ಸಾವು. ಆ ಸಾಲುಗಳಲ್ಲಿ ರಕ್ತದ ವರ್ಣನೆ ಇಲ್ಲ, ಮೊಳೆ ಇಲ್ಲ, ಮುಳ್ಳಿಲ್ಲ. ಎಲ್ಲವೂ 'ವಿಧೇಯನಾದ' ಅನ್ನುವ ಒಂದು ಮಾತಿನ ಮೇಲೆ ನಿಂತಿದೆ.

ವಿಧೇಯತೆ ಅನ್ನುವುದು ಸ್ವಲ್ಪ ಬಿಗಿ ಪದ. ಕೇಳಿದ ಕೂಡಲೇ ತಲೆ ತಗ್ಗಿಸಿ ಕೈಕಟ್ಟಿ ನಿಂತ ಆಳು ಕಣ್ಣಿಗೆ ಬರುತ್ತಾನೆ. ಆದರೆ ಮನೆಮಾತಿನಲ್ಲಿ ನಾವು 'ಮಾತು ಕೇಳುತ್ತಾನೆ' ಅನ್ನುತ್ತೇವೆ ಅಲ್ವಾ? ಅದೇ ಸರಿಯಾದ ಅರ್ಥ. ಹೊಸ ಒಡಂಬಡಿಕೆಯ ಗ್ರೀಕ್ ಪದ 'ಹುಪಕೊಯೇ', ಅದರ ಬುಡದಲ್ಲಿರುವುದೂ 'ಕೇಳು' ಅನ್ನುವ ಕ್ರಿಯೆಯೇ. ಹೀಬ್ರೂವಿನ 'ಶಮಾ' ಕೂಡ ಹಾಗೇ, ಕಿವಿಗೊಡುವುದೂ ಅದೇ, ಹೇಳಿದಂತೆ ನಡೆಯುವುದೂ ಅದೇ. ಅಂದರೆ ಇಲ್ಲಿ ಮಾತಾಡುವವರು ಒಬ್ಬರು, ಕೇಳುವವರು ಒಬ್ಬರು, ನಡುವೆ ಒಂದು ಸಂಬಂಧ ಇರಲೇಬೇಕು. ಸಂಬಂಧವೇ ಇಲ್ಲದಿದ್ದರೆ ಅದು ಬರೀ ಆಜ್ಞೆ.

ಈ ಸಂಬಂಧ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಶಿಲುಬೆಯ ಮೇಲಲ್ಲ, ಹಿಂದಿನ ರಾತ್ರಿ, ಗೆತ್ಸೆಮನೆಯಲ್ಲಿ. ಆ ಹೆಸರಿನ ಅರ್ಥ ಎಣ್ಣೆ ಗಾಣ. ಆಲಿವ್ ಗುಡ್ಡದ ಬುಡದ ತೋಪು ಅದು. ಯೆಹೂದಿಗಳ ಪಸ್ಕ ಹಬ್ಬದ ಹೊತ್ತು ಅದು, ಆ ಹಬ್ಬ ಬರುವುದೇ ಹುಣ್ಣಿಮೆಗೆ, ಹಾಗಾಗಿ ಆಕಾಶದಲ್ಲಿ ತುಂಬು ಚಂದ್ರ ಇದ್ದಿರಬೇಕು. ಎದುರಿಗೆ ಕೆದ್ರೋನ್ ಕಣಿವೆ, ಅದರಾಚೆ ಪಟ್ಟಣದ ಗೋಡೆ. ಹಿಡಿಯಲು ಬಂದವರ ಕೈಯಲ್ಲಿ ಪಂಜುಗಳಿದ್ದವು ಎಂದು ಯೋಹಾನ ಹೇಳುತ್ತಾನೆ. ಕಣಿವೆ ದಾಟಿ ಬರುವ ಪಂಜುಗಳು ಸಾಕಷ್ಟು ದೂರದಿಂದಲೇ ಕಾಣುತ್ತವೆ. ಬೆನ್ನ ಹಿಂದೆ ಗುಡ್ಡ. ಹತ್ತಿ ಆಚೆ ಇಳಿದರೆ ಬೇಥಾನ್ಯ, ಪರಿಚಯದ ಮನೆ, ಇನ್ನೂ ಮುಂದೆ ಹೋದರೆ ಯೂದಾಯದ ಅಡವಿ. ರಾತ್ರಿಯೇ ನಡೆದುಬಿಟ್ಟಿದ್ದರೆ ಬೆಳಗಾಗುವಷ್ಟರಲ್ಲಿ ಯಾರ ಕೈಗೂ ಸಿಗುತ್ತಿರಲಿಲ್ಲ. ಆತ ಹೋಗಲಿಲ್ಲ.

ಹೋಗಲಿಲ್ಲ, ನಿಜ. ಆದರೆ ಆರಾಮಾಗಿಯೂ ಇರಲಿಲ್ಲ. ಯೋಹಾನನ ಹಾಗೇ ಯೇಸುವಿನ ಕಥೆ ಬರೆದ ಮಾರ್ಕನು ಇದನ್ನು ಮುಚ್ಚಿಡುವುದಿಲ್ಲ. ಯೇಸು ದಿಗಿಲುಪಟ್ಟನು, ನೆಲಕ್ಕೆ ಬಿದ್ದನು, 'ಅಪ್ಪಾ, ನಿನಗೆ ಎಲ್ಲವೂ ಸಾಧ್ಯ, ಈ ಪಾತ್ರೆಯನ್ನು ನನ್ನಿಂದ ತೊಲಗಿಸು' ಎಂದು ಬೇಡಿಕೊಂಡನು. ಆತನ ಬಾಯಲ್ಲಿ ಬಂದ ಅರಮೇಯಿಕ್ ಪದ 'ಅಬ್ಬಾ'. ನಮ್ಮ 'ಅಪ್ಪಾ'ಗೆ ಅದೆಷ್ಟು ಹತ್ತಿರ ನೋಡಿ. 'ಪಾತ್ರೆ' ಅಂದರೇನು ಎಂದು ಕೇಳಬಹುದು. ಹಳೆಯ ಪ್ರವಾದಿಗಳಾದ ಯೆಶಾಯ, ಯೆರೆಮೀಯರ ಪುಸ್ತಕಗಳಲ್ಲಿ ದೇವರ ನ್ಯಾಯತೀರ್ಪನ್ನು ಕುಡಿಯಲೇಬೇಕಾದ ಪಾತ್ರೆ ಎಂದು ಹೇಳಲಾಗಿದೆ. ಆತ ಹೆದರಿದ್ದು ಬರೀ ಮೊಳೆಗಳಿಗಲ್ಲ ಎಂದು ಕ್ರೈಸ್ತರು ಹೇಳುವುದು ಇದಕ್ಕೇ. ಜೊತೆಗೆ ಕರೆದೊಯ್ದಿದ್ದ ಶಿಷ್ಯರು ಪೇತ್ರ, ಯಾಕೋಬ, ಯೋಹಾನ ಮೂವರೂ ಪಕ್ಕದಲ್ಲೇ ಗೊರಕೆ. ಮೂರು ಸಲ ಬಂದು ಎಬ್ಬಿಸಿದರೂ ಅಷ್ಟೇ. ಯೇಸುವಿನ ಆ ಪ್ರಾರ್ಥನೆ ಮುಗಿದದ್ದು ಹೀಗೆ, 'ನನ್ನ ಇಷ್ಟದಂತೆ ಬೇಡ, ನಿನ್ನ ಇಷ್ಟದಂತೆ ಆಗಲಿ.'

ಇಲ್ಲಿ ಸುಮ್ನೆ ದಾಟಿಹೋಗಬಾರದ ಒಂದು ಪ್ರಶ್ನೆ ಇದೆ. ಯೇಸು ದೇವರೇ ಆಗಿದ್ದರೆ 'ನನ್ನ ಇಷ್ಟ', 'ನಿನ್ನ ಇಷ್ಟ' ಅಂತ ಎರಡು ಹೇಗೆ? ಏಳನೇ ಶತಮಾನದಲ್ಲಿ ಇದೇ ದೊಡ್ಡ ಜಗಳವಾಯಿತು. ಕ್ರಿಸ್ತನಿಗೆ ಒಂದೇ ಚಿತ್ತ (ಇಚ್ಛೆ), ದೈವಚಿತ್ತ ಮಾತ್ರ ಎಂದು ಒಂದು ಪಕ್ಷ. ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿಗಳಿಗೂ ಅದೇ ಅನುಕೂಲವಾಗಿತ್ತು, ರಾಜ್ಯದೊಳಗಿನ ಒಡಕು ಮುಚ್ಚಲು. ಮಾಕ್ಸಿಮಸ್ ಎಂಬ ಸನ್ಯಾಸಿ ಒಪ್ಪಲಿಲ್ಲ. ಗೆತ್ಸೆಮನೆಯ ಪ್ರಾರ್ಥನೆಯನ್ನೇ ಹಿಡಿದುಕೊಂಡು ವಾದಿಸಿದ: ಅಲ್ಲಿ ಮಾತಾಡಿದ್ದು ನಿಜವಾದ ಮನುಷ್ಯ ಚಿತ್ತ, ಸಾವಿಗೆ ಹೆದರುವ ಚಿತ್ತ. ಅದು ದೇವರ ಚಿತ್ತಕ್ಕೆ ತಾನಾಗಿ ಹೂಂ ಅಂದದ್ದರಿಂದಲೇ ನಮ್ಮ ಚಿತ್ತಕ್ಕೂ ವಾಸಿಯಾಗುವ ದಾರಿ ಸಿಕ್ಕಿತು. 662ರಲ್ಲಿ ಅವನ ನಾಲಿಗೆ ಮತ್ತು ಬಲಗೈ ಕತ್ತರಿಸಿ ಗಡಿಪಾರು ಮಾಡಿದರು. ಅದೇ ವರ್ಷ ಸತ್ತ. 680–681ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸೇರಿದ ಮಹಾಸಭೆ ಅವನು ಹೇಳಿದ್ದೇ ಸರಿ ಎಂದಿತು: ಕ್ರಿಸ್ತನಿಗೆ ಎರಡು ಚಿತ್ತ, ದೈವಚಿತ್ತ ಮತ್ತು ಮನುಷ್ಯ ಚಿತ್ತ. ಇದೇನು ಪಂಡಿತರ ಕೂದಲು ಸೀಳುವ ಕೆಲಸ ಅನ್ನಿಸಬಹುದು. ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಯೋಚಿಸಿ, ಮನುಷ್ಯ ಚಿತ್ತವೇ ಇಲ್ಲದಿದ್ದರೆ ಆ ತೋಪಿನಲ್ಲಿ ನಡೆದದ್ದು ಬರೀ ನಾಟಕ. ಬೆವರು ರಕ್ತದ ಹನಿಗಳಂತೆ ಬಿತ್ತು ಎಂದು ಲೂಕ ಬರೆದದ್ದಕ್ಕೆ ಅರ್ಥವೇ ಇರುವುದಿಲ್ಲ.

ಇದರ ಪಕ್ಕದಲ್ಲೇ ಇಡಬೇಕಾದ ಇನ್ನೊಂದು ವಾಕ್ಯ ಇಬ್ರಿಯರಿಗೆ ಬರೆದ ಪತ್ರದಲ್ಲಿದೆ, 5ನೇ ಅಧ್ಯಾಯ, 8ನೇ ವಚನ. ಮಗನಾಗಿದ್ದರೂ ತಾನು ಅನುಭವಿಸಿದ ಬಾಧೆಗಳಿಂದಲೇ ವಿಧೇಯತೆಯನ್ನು ಕಲಿತುಕೊಂಡನಂತೆ. ಕಲಿತುಕೊಂಡನಾ? ಹಾಗಾದರೆ ಮೊದಲು ಬರುತ್ತಿರಲಿಲ್ಲವೇ? ಮೊದಲು ಮಾತು ಕೇಳದವನು ಆಮೇಲೆ ಸರಿಹೋದ ಎಂಬ ಅರ್ಥ ಅಲ್ಲ, ಅದೇ ಪತ್ರ ಆತನಲ್ಲಿ ಪಾಪವಿರಲಿಲ್ಲ ಎಂದು ಒಂದು ಅಧ್ಯಾಯ ಹಿಂದೆಯೇ ಹೇಳಿಯಾಗಿದೆ. ಇದು ಬೇರೆ ಥರದ ಕಲಿಕೆ. ನಮಗೆ ತಾಳ್ಮೆ ಇದೆ ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ. ಹಾಸಿಗೆ ಹಿಡಿದವರ ಪಕ್ಕದಲ್ಲಿ ನಲವತ್ತನೇ ರಾತ್ರಿ ಕೂತು, ಅವರು ಅದೇ ಪ್ರಶ್ನೆಯನ್ನು ಹತ್ತನೇ ಸಲ ಕೇಳಿದಾಗ, ಹತ್ತನೇ ಸಲವೂ ಮೆತ್ತಗೆ ಉತ್ತರ ಕೊಡಬೇಕಲ್ಲ, ಆ ಹೊತ್ತಿಗೆ ಗೊತ್ತಾಗುತ್ತದೆ ತಾಳ್ಮೆ ಅಂದರೇನು ಎಂದು. ಮೊದಲೂ ತಾಳ್ಮೆಯವರೇ ಇರಬಹುದು. ಆದರೂ ಈಗ ಇರುವ ತಾಳ್ಮೆ ಅದಲ್ಲ. ಎಲ್ಲ ಸರಿಯಿದ್ದಾಗ ಮಾತು ಕೇಳುವುದೇ ಬೇರೆ, ಕೇಳಿದರೆ ಪ್ರಾಣವೇ ಹೋಗುತ್ತದೆ ಎಂದಾಗ ಕೇಳುವುದೇ ಬೇರೆ. ದೇವಕುಮಾರನಿಗೂ ಆ ದಾರಿ ನಡೆದೇ ಗೊತ್ತಾಗಬೇಕಿತ್ತು, ಯಾಕೆಂದರೆ ಆತ ನಿಜವಾಗಿ ಮನುಷ್ಯನಾದ.

ಸರಿ, ಆತ ಮಾತು ಕೇಳಿದ. ಅದರಿಂದ ಬೇರೆಯವರಿಗೇನು? ರೋಮಾಪುರದವರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ ಅಪೊಸ್ತಲ ಪೌಲನು ಇಬ್ಬರನ್ನು ಎದುರುಬದುರು ನಿಲ್ಲಿಸುತ್ತಾನೆ. ಒಬ್ಬನ ಅವಿಧೇಯತೆಯಿಂದ ಬಹುಜನ ಪಾಪಿಗಳಾದರು, ಒಬ್ಬನ ವಿಧೇಯತೆಯಿಂದ ಬಹುಜನ ನೀತಿವಂತರಾಗುವರು. ಒಂದು ತೋಟದಲ್ಲಿ ಮೊದಲ ಮನುಷ್ಯ ಆದಾಮ, ಇನ್ನೊಂದು ತೋಟದಲ್ಲಿ ಕ್ರಿಸ್ತ. ಒಬ್ಬನ ಕೈಗೆ ಎಲ್ಲ ಸಿಕ್ಕಿಯೂ ಮಾತು ಮೀರಿದ, ಇನ್ನೊಬ್ಬನ ಕೈಯಿಂದ ಎಲ್ಲ ಹೋಗುತ್ತಿದ್ದರೂ ಮೀರಲಿಲ್ಲ. ಸುಮಾರು 180ರಲ್ಲಿ ಲಿಯಾನ್‌ನ ಬಿಷಪ್ ಐರೇನಿಯಸ್ ಇದನ್ನೇ ಹಿಡಿದು ಬೆಳೆಸಿದ. ಆದಾಮ ತೋಟದ ಮರದ ಮುಂದೆ ತಪ್ಪಿದ್ದನ್ನು ಕ್ರಿಸ್ತ ಶಿಲುಬೆಯೆಂಬ ಮರದ ಮೇಲೆಯೇ ಸರಿಮಾಡಿದ ಎಂದ. ಕ್ರಿಸ್ತ ಮನುಷ್ಯನ ಬದುಕನ್ನು ಮೊದಲಿಂದ ಮತ್ತೆ ಬದುಕಿದ, ಶಿಶುವಾಗಿ, ಹುಡುಗನಾಗಿ, ದೊಡ್ಡವನಾಗಿ. ಎಲ್ಲೆಲ್ಲಿ ಎಳೆ ಕಿತ್ತಿತ್ತೋ ಅಲ್ಲಲ್ಲಿ ಗಂಟು ಹಾಕುತ್ತ ಬಂದ. ನನಗೆ ಎಲ್ಲ ವಿವರಣೆಗಳಲ್ಲಿ ಇದೇ ಜಾಸ್ತಿ ಹಿಡಿಸುತ್ತದೆ.

ಬೇರೆ ವಿವರಣೆಗಳೂ ಇವೆ. ಪಾಪದಿಂದ ದೇವರ ಮರ್ಯಾದೆಗೆ ಕೊರತೆಯಾಗಿತ್ತು, ಕ್ರಿಸ್ತ ಕೊಡಬೇಕಿಲ್ಲದ ಪ್ರಾಣ ಕೊಟ್ಟು ಅದನ್ನು ತುಂಬಿಕೊಟ್ಟ ಎಂದು 1098ರ ಸುಮಾರಿಗೆ ಇಂಗ್ಲೆಂಡಿನ ಆರ್ಚ್‌ಬಿಷಪ್ ಆನ್‌ಸೆಲ್ಮ್ ಬರೆದ. ಆ ಪ್ರೀತಿ ನೋಡಿ ನಮ್ಮ ಮನಸ್ಸು ಕರಗಿ ತಿರುಗುತ್ತದೆ ಎಂಬುದಕ್ಕೆ ಫ್ರಾನ್ಸಿನ ಪಂಡಿತ ಅಬೆಲಾರ್ಡ್ ಒತ್ತುಕೊಟ್ಟ. ನಮಗೆ ಬರಬೇಕಾದ ಶಿಕ್ಷೆಯನ್ನು ನಮ್ಮ ಜಾಗದಲ್ಲಿ ನಿಂತು ಹೊತ್ತ ಎಂದು ಪ್ರೊಟೆಸ್ಟಂಟ್ ಸುಧಾರಕ ಕ್ಯಾಲ್ವಿನ್. ಪಾಪ, ಸಾವು, ಸೈತಾನರ ಮೇಲೆ ಗೆದ್ದ ಯುದ್ಧ ಅದು, ಮೊದಲ ಶತಮಾನಗಳ ಕ್ರೈಸ್ತ ಸಭೆ ನಂಬಿದ್ದೂ ಅದನ್ನೇ ಎಂದು 1930ರ ಸುಮಾರಿಗೆ ಸ್ವೀಡನ್ನಿನ ದೇವಶಾಸ್ತ್ರಜ್ಞ ಔಲೆನ್ ನೆನಪಿಸಿದ. ಇವುಗಳಲ್ಲಿ ಒಂದನ್ನೇ ಆರಿಸಿ ಉಳಿದದ್ದನ್ನು ಎಸೆಯುವ ಚಾಳಿ ಕೆಲವರಿಗಿದೆ. ಬೈಬಲ್ಲಿನಲ್ಲಿ ಎಲ್ಲದಕ್ಕೂ ಆಧಾರ ಇದೆ, ಹಾಗಾಗಿ ಆ ಜಗಳ ನನಗೆ ಬೇಡ.

ಆದರೆ ಪ್ರೊಟೆಸ್ಟಂಟರಲ್ಲಿ ನಡೆದ ಒಂದು ಚರ್ಚೆ ಮಾತ್ರ ನಮ್ಮ ವಿಷಯಕ್ಕೆ ನೇರ ಸಂಬಂಧಪಟ್ಟದ್ದು. ಅವರು ಕ್ರಿಸ್ತನ ವಿಧೇಯತೆಗೆ ಎರಡು ಮುಖ ಇದೆ ಎಂದರು. ಒಂದು, ಇಡೀ ಬದುಕಿನಲ್ಲಿ ದೇವರ ಆಜ್ಞೆಯನ್ನು ಪಾಲಿಸಿದ್ದು. ಇನ್ನೊಂದು, ನೋವು ಮತ್ತು ಸಾವನ್ನು ಒಪ್ಪಿಕೊಂಡದ್ದು. ಎರಡನೆಯದನ್ನು ಲ್ಯಾಟಿನ್‌ನಲ್ಲಿ 'ಪಾಸಿಯೊ', ಅಂದರೆ ಪಾಡು ಎಂಬ ಪದದ ಸಂಬಂಧಿ ಪದದಿಂದ ಕರೆದರು. ಇದನ್ನು ಕನ್ನಡಕ್ಕೆ 'ನಿಷ್ಕ್ರಿಯ ವಿಧೇಯತೆ' ಎಂದು ತಂದರೆ ಕೆಟ್ಟಿತು, ಸುಮ್ಮನೆ ಕೂತಿದ್ದ ಎಂಬ ಅರ್ಥ ಬರುತ್ತದೆ. ಕನ್ನಡದಲ್ಲೇ ಒಳ್ಳೆಯ ಜೋಡಿ ಇದೆಯಲ್ಲ: ಮಾಡುವುದು ಮತ್ತು ಪಡುವುದು. ಆತ ಮಾಡಿದ ವಿಧೇಯತೆ ಒಂದು, ಪಟ್ಟ ವಿಧೇಯತೆ ಒಂದು. ಇವು ಎರಡು ಬೇರೆ ಬೇರೆ ಕಾಲದ ಕೆಲಸಗಳಲ್ಲ. ಸಾಯುವಾಗಲೂ ಆತ ಮಾಡುತ್ತಿದ್ದ, ಕ್ಷಮಿಸುತ್ತಿದ್ದ, ತಾಯಿಗೆ ಆಸರೆ ಗೊತ್ತುಮಾಡುತ್ತಿದ್ದ. ಬದುಕಿದ್ದಾಗಲೂ ಪಡುತ್ತಿದ್ದ, ಹಸಿವು, ದಣಿವು, ಸ್ವಂತ ಊರಿನವರ ತಿರಸ್ಕಾರ.

ಹದಿನಾರನೇ ಶತಮಾನದ ಕೊನೆಯ ಹೊತ್ತಿಗೆ ಪಿಸ್ಕಾಟರ್ ಎಂಬ ಜರ್ಮನ್ ದೇವಶಾಸ್ತ್ರಜ್ಞ, ನಮ್ಮ ಲೆಕ್ಕಕ್ಕೆ ಬರುವುದು ಸಾವು ಮಾತ್ರ, ಬದುಕಿನ ವಿಧೇಯತೆ ಆತ ಮನುಷ್ಯನಾಗಿ ಹೇಗೂ ಸಲ್ಲಿಸಬೇಕಾಗಿದ್ದದ್ದು ಎಂದ. ಬಹಳ ಜನ ಒಪ್ಪಲಿಲ್ಲ. ಅವರ ವಾದ ಸರಳ. ಸಾಲ ಮನ್ನಾ ಆದರೆ ಖಾತೆ ಸೊನ್ನೆಗೆ ಬರುತ್ತದೆ, ಅಷ್ಟೇ. ಕೈಗೆ ಏನೂ ಬರುವುದಿಲ್ಲ. ಕ್ಷಮೆ ಸಿಕ್ಕವನು ಮತ್ತೆ ಆದಾಮನ ಜಾಗದಲ್ಲಿ ನಿಂತ ಹಾಗೆ, ಇನ್ನು ಮೇಲೆ ತಪ್ಪದೆ ನಡೆದು ತೋರಿಸು ಎಂದ ಹಾಗೆ. ಕ್ರಿಸ್ತನ ಬದುಕೂ ನನ್ನದೆಂದು ಎಣಿಕೆಯಾದರೆ ಮಾತ್ರ ಆ ಭಯ ಹೋಗುತ್ತದೆ. ಖಾತೆಯ ಈ ಹೋಲಿಕೆ ಸ್ವಲ್ಪ ಒಣಕಲು, ನಿಜ, ಸಂಬಂಧವನ್ನು ಲೆಕ್ಕದ ಪುಸ್ತಕ ಮಾಡಿಬಿಡುತ್ತದೆ. ಆದರೆ ಸಾಯುವ ಹೊತ್ತಿಗೆ ಇದೇ ವಿಷಯ ಒಬ್ಬರಿಗೆ ಆಸರೆಯಾದದ್ದೂ ಇದೆ. ಅಮೆರಿಕದ ದೇವಶಾಸ್ತ್ರಜ್ಞ ಗ್ರೆಷಮ್ ಮೇಚನ್ ಪ್ರಸಂಗ ಮಾಡಲು ಹೋಗಿದ್ದ ಕಡೆ ನ್ಯುಮೋನಿಯಾ ಹಿಡಿದು 1937ರ ಜನವರಿ 1ರಂದು ತೀರಿಕೊಂಡರು. ಅದಕ್ಕೆ ಮುಂಚೆ ಗೆಳೆಯ ಜಾನ್ ಮರ್ರೆಗೆ ಒಂದು ತಂತಿ ಕಳಿಸಿದರು. ಕ್ರಿಸ್ತನು ಮಾಡಿದ ವಿಧೇಯತೆಗಾಗಿ ಕೃತಜ್ಞ, ಅದಿಲ್ಲದೆ ಭರವಸೆಯೇ ಇಲ್ಲ ಎಂದಷ್ಟೇ ಅದರಲ್ಲಿತ್ತು.

ಆರಾಧನೆಯಲ್ಲಿ ಕ್ರೈಸ್ತರು ತಮ್ಮ ನಂಬಿಕೆಯನ್ನು ಒಟ್ಟಿಗೆ ಹೇಳುವ ವಿಶ್ವಾಸ ಪ್ರಮಾಣವನ್ನು ಗಮನಿಸಿದ್ದೀರಾ? ಕನ್ಯೆ ಮರಿಯಳಲ್ಲಿ ಹುಟ್ಟಿ, ಪೊಂತ್ಯ ಪಿಲಾತನ ಕಾಲದಲ್ಲಿ ಶ್ರಮೆಪಟ್ಟು. ನಡುವಿನ ಮೂವತ್ತು ಚಿಲ್ಲರೆ ವರ್ಷ ಒಂದು ಅಲ್ಪವಿರಾಮದಲ್ಲಿ ಹೋಯಿತು. ಕ್ಯಾಲ್ವಿನ್‌ಗೂ ಇದು ಕಣ್ಣಿಗೆ ಬಿದ್ದಿತ್ತು. ಹುಟ್ಟಿನಿಂದ ಸಾವಿಗೆ ಜಿಗಿದರೂ ನಡುವಿನ ವಿಧೇಯತೆ ಹೊರಗುಳಿಯುವುದಿಲ್ಲ, ಆತ ನಮ್ಮನ್ನು ಬಿಡಿಸಿದ್ದು ತನ್ನ ಇಡೀ ಬದುಕಿನ ವಿಧೇಯತೆಯಿಂದ ಎಂದು ಬರೆದ.

ಈಗ ಬಹಳ ಜನ ಕೇಳುವ ಆಕ್ಷೇಪಕ್ಕೆ ಬರೋಣ. ಸಿಟ್ಟು ಬಂದ ಅಪ್ಪ ತಪ್ಪು ಮಾಡದ ಮಗನಿಗೆ ಹೊಡೆದು ಸಮಾಧಾನ ಮಾಡಿಕೊಂಡ, ಇದೇನಾ ನಿಮ್ಮ ಸುವಾರ್ತೆ? ಹಾಗೆ ಕೇಳುವವರನ್ನು ಬೈಯುವಂತಿಲ್ಲ, ಎಷ್ಟೋ ಪ್ರಸಂಗಗಳು ಹಾಗೇ ಕೇಳಿಸುತ್ತವೆ. ಆದರೆ ಕ್ರೈಸ್ತ ನಂಬಿಕೆ ಅದಲ್ಲ. ನನ್ನ ಪ್ರಾಣವನ್ನು ಯಾರೂ ಕಿತ್ತುಕೊಳ್ಳುವುದಿಲ್ಲ, ನಾನಾಗಿಯೇ ಕೊಡುತ್ತೇನೆ ಎಂದು ಯೋಹಾನನ 10ನೇ ಅಧ್ಯಾಯದಲ್ಲಿ ಯೇಸುವೇ ಹೇಳುತ್ತಾನೆ. ಕಳಿಸಿದವನೂ ಬಂದವನೂ ಒಂದೇ ದೇವರು, ಒಂದೇ ಪ್ರೀತಿ. ಹನ್ನೆರಡನೇ ಶತಮಾನದಲ್ಲಿ ಅಬೆಲಾರ್ಡ್‌ನ ಜೊತೆ ಜಗಳವಾಡುತ್ತ ಬರ್ನಾರ್ಡ್ ಎಂಬ ಸನ್ಯಾಸಿ ಒಂದು ಮಾತು ಹೇಳಿದ: ದೇವರಿಗೆ ಮೆಚ್ಚುಗೆಯಾದದ್ದು ಸಾವಲ್ಲ, ತಾನಾಗಿ ಸಾಯಲು ಒಪ್ಪಿದವನ ಮನಸ್ಸು. ಮೊದಲು ಕೇಳಿದ 6,000 ಜನರ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇದೇ. ದೇವರು ನೋವಿನ ತೂಕ ನೋಡುವ ವ್ಯಾಪಾರಿಯಲ್ಲ. ಅಂಥ ನೋವಿನಲ್ಲೂ ತಂದೆಯ ಮೇಲಿನ ಪ್ರೀತಿ, ಜನರ ಮೇಲಿನ ಪ್ರೀತಿ ಕಡಿಯಲಿಲ್ಲ, ಅದು ಅಲ್ಲಿನ ವಿಶೇಷ.

ಇದು ಸರಿಯಾಗಿ ಗೊತ್ತಾಗದಿದ್ದರೆ ಆಗುವ ಅನಾಹುತ ದೊಡ್ಡದು. ಗಂಡನ ಕೈಯಲ್ಲಿ ಏಟು ತಿಂದು ಬಂದ ಹೆಂಗಸಿಗೆ 'ಯೇಸು ಎಷ್ಟು ಸಹಿಸಿಕೊಂಡ, ನೀನೂ ಸಹಿಸಿಕೋ ಅಮ್ಮಾ' ಎಂದು ಬುದ್ಧಿ ಹೇಳಿ ವಾಪಸ್ ಕಳಿಸುವುದನ್ನು ನಾನೇ ಒಮ್ಮೆ ಪಕ್ಕದಲ್ಲಿ ಕೂತು ಕೇಳಿದ್ದೇನೆ. ಆಗ ಬಾಯಿ ಬಿಡಲಿಲ್ಲ. ಆ ನಾಚಿಕೆ ಇನ್ನೂ ಇದೆ. ಹಾಗೆ ಹೇಳುವವರು ಪೇತ್ರನ ಮೊದಲ ಪತ್ರದ 2ನೇ ಅಧ್ಯಾಯ ತೋರಿಸುತ್ತಾರೆ, ಕ್ರಿಸ್ತನು ನಿಮಗೆ ಮಾದರಿ ಬಿಟ್ಟುಹೋದನು, ಬೈದರೂ ತಿರುಗಿ ಬೈಯಲಿಲ್ಲ ಎಂಬ ಭಾಗ. ಆ ಮಾತು ಮೊದಲು ಬರೆದದ್ದು ಮನೆಗೆಲಸದ ಗುಲಾಮರಿಗೆ, ತಪ್ಪಿಸಿಕೊಳ್ಳಲು ಯಾವ ದಾರಿಯೂ ಇಲ್ಲದವರಿಗೆ, ನಿಮ್ಮ ನೋವು ದೇವರ ಲೆಕ್ಕದಲ್ಲಿ ವ್ಯರ್ಥವಲ್ಲ ಎಂದು ಧೈರ್ಯ ಹೇಳಲು. ದಾರಿ ಇರುವವರ ದಾರಿ ಮುಚ್ಚಲು ಅದನ್ನು ಬಳಸುವುದು ಮೋಸ.

ಯೇಸುವನ್ನೇ ನೋಡಿ. ಸ್ವಂತ ಊರಿನವರು ಗುಡ್ಡದ ಅಂಚಿನಿಂದ ದಬ್ಬಲು ಎಳೆದೊಯ್ದಾಗ ಜನರ ನಡುವಿನಿಂದ ಹಾದು ಹೊರಟುಹೋದ, ಲೂಕ 4ನೇ ಅಧ್ಯಾಯ. ಒಂದು ಊರಲ್ಲಿ ಹಿಂಸೆ ಕೊಟ್ಟರೆ ಇನ್ನೊಂದು ಊರಿಗೆ ಓಡಿಹೋಗಿ ಎಂದು ಶಿಷ್ಯರಿಗೆ ಹೇಳಿದ. ಪೌಲನೂ ಅಷ್ಟೇ, ಕೊರಡೆಯಿಂದ ಹೊಡೆಯಲು ಕಟ್ಟುತ್ತಿದ್ದಾಗ ಸುಮ್ಮನಿರದೆ ರೋಮಾಪುರದ ಹಕ್ಕುಳ್ಳವನನ್ನು ವಿಚಾರಣೆ ಇಲ್ಲದೆ ಹೊಡೆಯಬಹುದೋ ಎಂದು ಕೇಳಿದ. ಕೊನೆಯ ರಾತ್ರಿ ಮಹಾಯಾಜಕನ ಮುಂದೆ ನಿಂತಿದ್ದಾಗ ಒಬ್ಬ ಓಲೇಕಾರ ಯೇಸುವಿನ ಕೆನ್ನೆಗೆ ಹೊಡೆದ. ಆಗ ಆತ ತಲೆ ತಗ್ಗಿಸಲಿಲ್ಲ. ನಾನು ತಪ್ಪು ಮಾತಾಡಿದ್ದರೆ ಏನು ತಪ್ಪು ತೋರಿಸು, ಸರಿಯಾಗಿ ಮಾತಾಡಿದ್ದರೆ ಯಾಕೆ ಹೊಡೆಯುತ್ತೀ ಎಂದು ಕೇಳಿದ. ಕೈ ಕಟ್ಟಿದ್ದರು. ಮಾತು ಕಟ್ಟಿರಲಿಲ್ಲ. ಆತ ವಿಧೇಯನಾಗಿದ್ದದ್ದು ತಂದೆಗೆ, ಹೊಡೆದವನಿಗಲ್ಲ.

ಹಾಗಾದರೆ ನಿಜವಾಗಿಯೂ ತಪ್ಪಿಸಿಕೊಳ್ಳಲಾಗದ ನೋವು ಬಂದವರಿಗೆ, ವಾಸಿಯಾಗದ ಕಾಯಿಲೆ, ಮಗುವಿನ ಸಾವು, ಇವರಿಗೆ ಇದೆಲ್ಲ ಏನು ಕೊಡುತ್ತದೆ? ವಿವರಣೆಯನ್ನಂತೂ ಕೊಡುವುದಿಲ್ಲ. ಶಿಲುಬೆಯ ಮೇಲೆ ಯೇಸುವೇ 'ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟಿದ್ದೀ' ಎಂದು ಕೂಗಿದ, ಬೈಬಲ್ಲಿನ ಹಳೆಯ ಹಾಡುಗಳಲ್ಲಿ ಒಂದಾದ 22ನೇ ಕೀರ್ತನೆಯ ಮೊದಲ ಸಾಲು ಅದು. ಆ 'ಯಾಕೆ'ಗೆ ಮೇಲಿನಿಂದ ಉತ್ತರ ಬರಲಿಲ್ಲ. ಆ ಕೀರ್ತನೆ ಕೊನೆಗೆ ಸ್ತೋತ್ರಕ್ಕೆ ತಿರುಗುತ್ತದೆ ಎಂದು ಕೆಲವರು ಬೇಗ ಸಮಾಧಾನ ಹೇಳುತ್ತಾರೆ. ಇರಬಹುದು, ಆದರೆ ಮಾರ್ಕನು ಬರೆದಿಟ್ಟದ್ದು ಮೊದಲ ಸಾಲನ್ನೇ. ನಂಬಿಕೆಯಿರುವವರಿಗೆ ಇದರಲ್ಲಿ ಸಿಗುವುದು ಒಂದು ಅನುಮತಿ: 'ಯಾಕೆ' ಎಂದು ಕೂಗಿದರೆ ಅದು ಅವಿಶ್ವಾಸವಾಗುವುದಿಲ್ಲ, ಕೂಗುವಾಗಲೂ 'ನನ್ನ ದೇವರೇ' ಎಂದು ಕರೆಯಬಹುದು. ಬೇಡ, ಇದನ್ನು ತೆಗೆದುಬಿಡು ಎಂದು ಕೇಳುವುದೂ ತಪ್ಪಲ್ಲ, ಆತನೂ ಕೇಳಿದ, ಒಂದಲ್ಲ ಮೂರು ಸಲ.

ಮತ್ತಾಯ ಬರೆದ ಸುವಾರ್ತೆಯಲ್ಲಿ ಒಂದು ಸಣ್ಣ ವಿಷಯ ಇದೆ. ಗೆತ್ಸೆಮನೆಯಲ್ಲಿ ಎರಡನೇ ಸಲ ಹೋಗಿ ಪ್ರಾರ್ಥಿಸಿದಾಗ ಯೇಸು ಹೇಳಿದ್ದು 'ನಿನ್ನ ಚಿತ್ತದಂತೆ ಆಗಲಿ' ಎಂದು. ಗ್ರೀಕ್ ಮೂಲದಲ್ಲಿ ಆ ಮಾತುಗಳು ಆರನೇ ಅಧ್ಯಾಯದಲ್ಲಿ ಶಿಷ್ಯರಿಗೆ ಕಲಿಸಿಕೊಟ್ಟ ಪ್ರಾರ್ಥನೆಯ ಸಾಲಿನದೇ, ಒಂದಕ್ಷರ ಆಚೀಚೆ ಇಲ್ಲ. ಮಕ್ಕಳು ಬಾಯಿಪಾಠ ಹೇಳುವ, ನಾವು ಅರ್ಧ ನಿದ್ದೆಯಲ್ಲಿ ಗೊಣಗುವ ಅದೇ ಪ್ರಾರ್ಥನೆ. ಆ ರಾತ್ರಿ ಆ ತೋಪಿನಲ್ಲಿ ಆತ ಅದನ್ನು ಹೇಳಿದಾಗ, ಕಲಿತಿದ್ದ ಮೂವರೂ ಪಕ್ಕದಲ್ಲಿ ಮಲಗಿದ್ದರು.